ಅವ್ವನ ಮೊಣಕಾಲಿಗೆ ಪಿಆರ್‌ಪಿ ಇಂಜೆಕ್ಷನ್ ಮಾಡಿಸ್ಬೋದಾ?

ಸಿಂಧನೂರು ಹುಡುಗ:
ನಮ್ಮವ್ವಗ 58, ಭತ್ತದ ನಾಟಿ ಮಾಡಿ ಮಾಡಿ ಮೊಣಕಾಲು ಸವದಾವ, ಬಸ್ಸಿನ ಮೆಟ್ಲ ಹತ್ಬೇಕಂದ್ರ ಕಂಬಿ ಹಿಡ್ಕೊಂಡು ಒಂದೊಂದ ಕಾಲು ಎಳೀತಾಳ. ರಾಯಚೂರಾಗ ಡಾಕ್ಟ್ರು ಪಿಆರ್‌ಪಿ ಮಾಡ್ಸ್ರಿ, ಮೂರು ಇಂಜೆಕ್ಷನ್ ಅಂದ್ರು. ಯಾರರ ಮಾಡ್ಸೀರೇನು?

ಗಂಗಾವತಿ ಅಕ್ಕ:
ನಾ ಮಾಡಿಸ್ಕೊಂಡೀನಿ ತಮ್ಮಾ. ನಮ್ದ ರಕ್ತ ತಗೊಂಡು ಮಷಿನ್‌ನ್ಯಾಗ ಗರಗರ ತಿರುಗಿಸ್ತಾರ, ಕೆಂಪು ಕೆಳಗ ಕೂತು ಮ್ಯಾಲ ಹಳದಿ ನೀರು ನಿಲ್ತೈತಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗಾನ ಮೊಣಕಾಲಿಗೆ ಚುಚ್ತಾರ. ಎರಡು ದಿನ ಬಾವು ಬಂದು ಜೀವ ಹೋದಂಗಾತು, ಆಮ್ಯಾಲ ಆರೇಳು ತಿಂಗಳು ಆರಾಮಿದ್ದೆ. ಈಗ ಮತ್ತ ಶುರು ಆಗೇತಿ.

ಬಳ್ಳಾರಿ ಫಿಸಿಯೋ:
ರೊಕ್ಕ ಕಟ್ಟೋ ಮೊದ್ಲ ಎಕ್ಸ್‌ರೇದಾಗ ಸವೆತ ಯಾವ ಗ್ರೇಡ್ (1 ಅಂದ್ರ ಸ್ವಲ್ಪ, 4 ಅಂದ್ರ ಭಾಳ) ಅಂತ ಕೇಳ್ರಿ, ಪೂರ್ತಿ ಸವದಿದ್ರ ಹೆಚ್ಚೇನೂ ಉಪಯೋಗ ಆಗಂಗಿಲ್ಲ. 2021ರಾಗ ಬಂದ ಆಸ್ಟ್ರೇಲಿಯಾದ ಸ್ಟಡಿದಾಗ 288 ಮಂದಿ ಇದ್ರು, ಕೆಲವ್ರಿಗೆ ಪಿಆರ್‌ಪಿ, ಉಳಿದವ್ರಿಗೆ ಬರೇ ಸಲೈನ್, ವರ್ಷ ಆದ್ಮ್ಯಾಲ ನೋವಿನಾಗ ಹೇಳ್ಕೊಳ್ಳೋವಂಥ ಫರಕ ಇರ್ಲಿಲ್ಲ. ಬೇರೆ ಸ್ಟಡಿದಾಗ ಉಪಯೋಗ ಕಂಡೈತಿ, ಸುಳ್ಳಲ್ಲ. ಆದ್ರ ಸವೆದ ಕಾರ್ಟಿಲೇಜ್ (ಕೀಲಿನಾಗ ಎಲುಬಿನ ತುದಿಗಿರೋ ನುಣುಪು ಪದರು) ಮತ್ತ ಬೆಳೀತೈತಿ ಅಂದ್ರ ನಂಬಬ್ಯಾಡ್ರಿ. ಮೊದ್ಲ ತೊಡೆ ಗಟ್ಟಿ ಆಗ್ಲಿ, ಕುರ್ಚಿ ಮ್ಯಾಲ ಕೂತು ಕಾಲು ನೆಟ್ಟಗ ಚಾಚಿ ಹತ್ತು ಎಣಿಸಾಕ ಹೇಳ್ರಿ.

ಸಿಂಧನೂರು ಹುಡುಗ:
ಗ್ರೇಡ್ 2 ಅಂತ ಬರ್ದಾರ್ರಿ. ಅವ್ವ ನೋಡಿದ್ರ 'ನನ್ನ ರಕ್ತ ನನಗ ಕೊಡಾಕ ರೊಕ್ಕ ಯಾಕ' ಅಂತಾಳ 😀