228.5 ಬದಲು 457 ಡ್ರೈ ಸಿರಪ್ ಕೊಟ್ಟಿದ್ದಾರೆ, ಮನೆಯಲ್ಲಿ ಫ್ರಿಜ್ಜಿಲ್ಲ. ಏನು ಮಾಡಬೇಕು?

ಆಶಾ_ಮೆಂಟರ್:
ಮೂರು ವರ್ಷದ ಮಗು, ತೂಕ 12 ಕಿಲೋ, ಕಿವಿ ಸೋರುತ್ತಿದೆ. ಚೀಟಿಯಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ (ಪೆನ್ಸಿಲಿನ್ ಗುಂಪಿನ ಆಂಟಿಬಯೋಟಿಕ್) 228.5 ಡ್ರೈ ಸಿರಪ್, ಅಂದರೆ ನೀರು ಬೆರೆಸುವ ಪುಡಿ, 5 ಮಿ.ಲೀ. ದಿನಕ್ಕೆರಡು ಸಲ, 7 ದಿನ ಅಂತಿದೆ. ಮೆಡಿಕಲ್‌ನಲ್ಲಿ ಅದಿಲ್ಲದ್ದಕ್ಕೆ 457 ಕೊಟ್ಟಿದ್ದಾರೆ, 30 ಮಿ.ಲೀ. ಬಾಟಲಿ. ಇನ್ನೂ ನೀರು ಹಾಕಿಲ್ಲ. ಇದನ್ನೂ 5 ಮಿ.ಲೀ. ಕೊಡಬಹುದಾ? ನೀರು ಎಷ್ಟು? ಮಗು ವಾಂತಿ ಮಾಡಿದರೆ ಮತ್ತೆ ಕೊಡಬೇಕಾ? ತಾಯಂದಿರಿಗೆ ಹೇಳಲು ಸರಿಯಾದ ಉತ್ತರ ಬೇಕು.

ಔಷಧಿಕಟ್ಟೆ:
5 ಮಿ.ಲೀ. ಕೊಡಬೇಡಿ ಮೇಡಂ, ಅದು ಎರಡು ಪಟ್ಟು ಡೋಸ್ ಆಗುತ್ತದೆ. 228.5 ಅಂದರೆ 5 ಮಿ.ಲೀ.ಯಲ್ಲಿ ಅಮಾಕ್ಸಿಸಿಲಿನ್ 200 ಮಿ.ಗ್ರಾಂ, ಕ್ಲಾವುಲನೇಟ್ 28.5. 457ರಲ್ಲಿ ಅದೇ 5 ಮಿ.ಲೀ.ಗೆ 400 ಮತ್ತು 57. ಹಾಗಾಗಿ ಇಲ್ಲಿ 2.5 ಮಿ.ಲೀ. ಸಾಕು. ಬಾಯಿಮಾತಿನಲ್ಲಿ ಬಿಡದೆ ವೈದ್ಯರಿಗೆ ಫೋನ್ ಮಾಡಿ ಖಾತ್ರಿಪಡಿಸಿಕೊಂಡು, ಚೀಟಿಯ ಮೇಲೂ ಬಾಟಲಿಯ ಮೇಲೂ ಹೊಸ ಅಳತೆ ಬರೆಸಿ. ರಾತ್ರಿ ಔಷಧಿ ಹಾಕುವ ಅಜ್ಜಿ ನೋಡುವುದು ಹಳೆ ಚೀಟಿಯನ್ನೇ.

ನೀರನ್ನು ಮಿ.ಲೀ. ಲೆಕ್ಕದಲ್ಲಿ ಹೇಳಬಾರದು, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಲೇಬಲ್ ಮೇಲಿನ ಬಾಣ ಅಥವಾ ಗೆರೆಯೇ ಅಳತೆ. ಪೆಟ್ಟಿಗೆಯಲ್ಲಿ ನೀರಿನ ಪುಟ್ಟ ಟ್ಯೂಬ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿ ನೀರಿಗೆ ಔಷಧಿ ಕೆಡುತ್ತದೆ. ಮೊದಲು ಬಾಟಲಿ ಅಲ್ಲಾಡಿಸಿ ತಳದ ಪುಡಿ ಬಿಡಿಸಿಕೊಳ್ಳಿ, ಗೆರೆಗಿಂತ ಕೆಳಗೆ ನೀರು ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿಯಲಿ, ಆಮೇಲೆ ಗೆರೆವರೆಗೆ ತುಂಬಿಸಿ. ನೊರೆಯನ್ನೇ ಮಟ್ಟ ಅಂದುಕೊಂಡು ಕಡಿಮೆ ನೀರು ಹಾಕಿದರೆ ಔಷಧಿ ಗಟ್ಟಿಯಾಗುತ್ತದೆ, ಪ್ರತಿ ಡೋಸೂ ಹೆಚ್ಚಾಗುತ್ತದೆ.

ಇನ್ನೊಂದು ಎಡವಟ್ಟು: ಎರಡು ದಿನ ಕೊಟ್ಟ ಮೇಲೆ ಮಟ್ಟ ಇಳಿದಿರುತ್ತದೆ, ಮನೆಯ ಇನ್ನೊಬ್ಬರು ‘ನೀರು ಕಡಿಮೆಯಾಗಿದೆ’ ಅಂತ ಮತ್ತೆ ಗೆರೆವರೆಗೆ ತುಂಬುತ್ತಾರೆ. ಅಲ್ಲಿಂದ ಮುಂದೆ ಮಗುವಿಗೆ ಸಿಗುವುದು ನೀರು ನೀರಾದ ಔಷಧಿ. ಕಲಸಿದ ತಾರೀಖಿನ ಪಕ್ಕ ‘ಮತ್ತೆ ನೀರು ಬೇಡ’ ಅಂತ ಬರೆದುಬಿಡಿ.

2.5 ಮಿ.ಲೀ. ದಿನಕ್ಕೆರಡು ಸಲ, 7 ದಿನಕ್ಕೆ 35 ಮಿ.ಲೀ. ಬೇಕು. ಒಂದು ಬಾಟಲಿ ಸಾಲದು. ಎರಡನ್ನೂ ಈಗಲೇ ಒಯ್ಯಿರಿ, ಆದರೆ ಎರಡನೆಯದಕ್ಕೆ ಮೊದಲನೆಯದು ಮುಗಿದ ಮೇಲೆಯೇ ನೀರು ಹಾಕಿ.

ಮಕ್ಕಳವಾರ್ಡ್_ನರ್ಸ್:
2.5 ಮಿ.ಲೀ.ಯನ್ನು ಅಡುಗೆಮನೆ ಚಮಚದಲ್ಲಿ ಅಳೆಯಲು ಆಗುವುದಿಲ್ಲ, ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ. 5 ಮಿ.ಲೀ. ಸಿರಿಂಜ್ ತನ್ನಿ. ಸೂಜಿ ಮತ್ತು ಅದರ ಪುಟ್ಟ ಮುಚ್ಚಳ ಎರಡನ್ನೂ ಮೊದಲೇ ಎಸೆಯಿರಿ. ಮುಚ್ಚಳ ಮಗುವಿನ ಗಂಟಲಿಗೆ ಹೋಗಬಹುದು. ಪ್ರತಿ ಸಲ ಬಾಟಲಿ ಕುಲುಕಿಯೇ ಎಳೆಯಬೇಕು, ಔಷಧಿ ತಳಕ್ಕೆ ಇಳಿದಿರುತ್ತದೆ.

ಮಗುವನ್ನು ಮಲಗಿಸಿ, ಮೂಗು ಹಿಡಿದು ಹೊಯ್ಯಬೇಡಿ. ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ, ನುಂಗಿದ ಮೇಲೆ ಮುಂದಿನದು. ಊಟ ಶುರು ಮಾಡುವಾಗ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ. ಈ ಔಷಧಿಗೆ ಹಾಲಿನ ಪಥ್ಯವಿಲ್ಲ, ಆದರೆ ಲೋಟ ತುಂಬ ಹಾಲಿಗೆ ಬೆರೆಸಬೇಡಿ. ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಒಳಗೆ ಹೋಯಿತೋ ಯಾರಿಗೂ ಗೊತ್ತಾಗುವುದಿಲ್ಲ.

ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸ್ ಇನ್ನೊಮ್ಮೆ. ಅದೂ ಬಂದರೆ ವೈದ್ಯರನ್ನು ಕೇಳಿ. ಅರ್ಧ ಗಂಟೆ ದಾಟಿದ್ದರೆ ಮತ್ತೆ ಬೇಡ. ಮರೆತ ಡೋಸನ್ನು ನೆನಪಾದಾಗ ಕೊಡಿ. ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡನ್ನು ಸೇರಿಸಿ ಕೊಡಬಾರದು.

ಮಕ್ಕಳ_ಡಾಕ್ಟರ್:
ಫ್ರಿಜ್ಜಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನೀರು ಹಾಕಿದ ಮೇಲೆ ಈ ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಟ್ಟು 7 ದಿನದೊಳಗೆ ಮುಗಿಸಬೇಕು (ಫ್ರೀಜರ್‌ನಲ್ಲಿ ಅಲ್ಲ). ಮೊದಲು ಕೆಡುವುದು ಕ್ಲಾವುಲನೇಟ್. ಮಣ್ಣಿನ ಗಡಿಗೆ ತಂಪಿರುತ್ತದೆ, ನಿಜ, ಆದರೆ 8 ಡಿಗ್ರಿಗೆ ಇಳಿಯುವುದಿಲ್ಲ. ಇಂಥ ಮನೆಗೆ ಸಿರಪ್ಪಿಗಿಂತ ನೀರಲ್ಲಿ ಕರಗುವ ಮಾತ್ರೆ ವಾಸಿ. 228.5ರ ಕರಗುವ ಮಾತ್ರೆಯಲ್ಲೂ ಅಮಾಕ್ಸಿಸಿಲಿನ್ 200 ಮಿ.ಗ್ರಾಂ ಇರುತ್ತದೆ. ಚೀಟಿಯ 5 ಮಿ.ಲೀ.ಗೆ ಅದು ಸರಿಸಮ. ಕೊಡುವಾಗ ಮಾತ್ರ ಸ್ಟ್ರಿಪ್ ಬಿಚ್ಚಿ, ಎರಡು ಚಮಚ ನೀರಲ್ಲಿ ಕರಗಿಸಿ, ತಳದಲ್ಲಿ ಉಳಿದದ್ದಕ್ಕೂ ನೀರು ಹಾಕಿ ಕುಡಿಸಿ. ಬಿಚ್ಚಿದ ಮಾತ್ರೆ ತೇವಕ್ಕೆ ಬೇಗ ಕೆಡುತ್ತದೆ. ಬರೆದ ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಿ.

ಡೋಸಿನ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಈ ಮಗುವಿಗೆ ದಿನಕ್ಕೆ 400 ಮಿ.ಗ್ರಾಂ, ಅಂದರೆ ಕಿಲೋಗೆ ಸುಮಾರು 33. ಸಾಮಾನ್ಯವಾಗಿ ಕೊಡುವ 25ರಿಂದ 45ರೊಳಗೇ ಇದೆ. ಅಣ್ಣನ ಬಾಟಲಿಯ ಉಳಿಕೆಯನ್ನು ತಂಗಿಗೆ ಹಾಕಬಾರದು ಅನ್ನುವುದು ಇದಕ್ಕೇ. ಬರೀ ನೆಗಡಿಗಂತೂ ಇದು ಬೇಡವೇ ಬೇಡ, ಅದು ವೈರಸ್.

ಭೇದಿ ಕ್ಲಾವುಲನೇಟಿನ ಜೊತೆ ಸಾಮಾನ್ಯ. ಓಆರ್‌ಎಸ್ ಕೊಡುತ್ತಾ ಮುಂದುವರಿಸಿ, ರಕ್ತ ಬಿದ್ದರೆ ತೋರಿಸಿ. ಕೊಟ್ಟ ಸ್ವಲ್ಪ ಹೊತ್ತಿಗೇ ಮೈಯೆಲ್ಲ ಗಂಧೆ, ತುಟಿ ಊತ, ಉಬ್ಬಸ ಬಂದರೆ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಕೆಲವು ದಿನ ಕಳೆದು ಬರುವ ಚಪ್ಪಟೆ ಕೆಂಪು ದದ್ದು ಯಾವಾಗಲೂ ಅಲರ್ಜಿಯಲ್ಲ. ಫೋಟೋ ತೆಗೆದು, ಮುಂದಿನ ಡೋಸಿಗೆ ಮೊದಲು ವೈದ್ಯರಿಗೆ ತೋರಿಸಿ. ಸುಮ್ಮನೆ ‘ಪೆನ್ಸಿಲಿನ್ ಆಗಲ್ಲ’ ಅಂತ ತಾಯಿ ಕಾರ್ಡಿನಲ್ಲಿ ಬರೆದರೆ ಮಗು ಜೀವನಪೂರ್ತಿ ಒಳ್ಳೆಯ ಔಷಧಿ ಕಳೆದುಕೊಳ್ಳುತ್ತದೆ. ಯಾವ ಔಷಧಿ, ಎಷ್ಟನೇ ದಿನ, ಎಂಥ ದದ್ದು ಎಂಬುದನ್ನು ಬರೆಯಿರಿ.

48 ಗಂಟೆಯಲ್ಲಿ ಜ್ವರ, ನೋವು ಇಳಿಯದಿದ್ದರೆ ಅಥವಾ ಕಿವಿಯ ಹಿಂದೆ ಊದಿದರೆ ಏಳು ದಿನ ಕಾಯಬೇಡಿ. ಮಗು ಏನೂ ಕುಡಿಯದೆ, ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ಆಗಲೇ ಆಸ್ಪತ್ರೆಗೆ.

ಆಶಾ_ಮೆಂಟರ್:
ವೈದ್ಯರು ಮಾತ್ರೆಗೆ ಒಪ್ಪಿದ್ದಾರೆ. ಒಂದೊಂದು ಮಾತ್ರೆ ದಿನಕ್ಕೆರಡು ಸಲ, 14 ಮಾತ್ರೆ. 457 ಬಾಟಲಿ?

ಔಷಧಿಕಟ್ಟೆ:
ಸೀಲ್ ಒಡೆದಿಲ್ಲವಾದರೆ ಬಿಲ್ ಸಮೇತ ಇವತ್ತೇ ಅಂಗಡಿಯಲ್ಲಿ ಕೇಳಿ ನೋಡಿ. ತೆಗೆದುಕೊಳ್ಳದಿದ್ದರೂ ಮನೆಯಲ್ಲಿ ‘ಮುಂದಿನ ಜ್ವರಕ್ಕೆ’ ಅಂತ ಇಡಿಸಬೇಡಿ.