ಕೊಬ್ಬರಿ ಅಟ್ಟದ ಕೆಳಗೆ ಸಿಪಾನಿ ಡಾಲ್ಫಿನ್: ಎಂಜಿನ್ ಬದಲಿಸಲೇ?

ಪ್ರಶ್ನೆ – ಕೊಬ್ಬರಿಮನೆ

ತಿಪಟೂರಿನ ಹತ್ತಿರ ನಮ್ಮ ಸೋದರಮಾವನ ಕೊಬ್ಬರಿ ಅಟ್ಟದ ಕೆಳಗೆ, ತೆಂಗಿನ ಸಿಪ್ಪೆಯ ರಾಶಿಯ ಹಿಂದೆ, 1984ರ ಸಿಪಾನಿ ಡಾಲ್ಫಿನ್ ಎಂಬ ಫೈಬರ್ ಮೈಯ ಕಾರು ನಿಂತಿದೆ. ಹದಿನೆಂಟು ವರ್ಷಗಳಿಂದ ಸ್ಟಾರ್ಟ್ ಆಗಿಲ್ಲ. ಊರಿನವರು ಅದನ್ನು ‘ಬಕೆಟ್ಟು’ ಎನ್ನುತ್ತಿದ್ದರು. ಅದರಲ್ಲಿ ಶಾಲೆಗೆ ಹೋಗಲು ನಾಚುತ್ತಿದ್ದ ನನಗೇ ಈಗ ಅದರ ಮೇಲೆ ಆಸೆ. ‘ತೆಗೆದುಕೊಂಡು ಹೋಗು, ಜಾಗವಾದರೂ ಖಾಲಿಯಾಗುತ್ತದೆ’ ಎಂದರು ಮಾವ. ನಮ್ಮ ಮೆಕ್ಯಾನಿಕ್ ಇದಕ್ಕೆ ಮಾರುತಿ 800ರ ಎಂಜಿನ್ ಕೂರಿಸಿದರೆ ತಲೆನೋವೇ ಇಲ್ಲ ಎನ್ನುತ್ತಾನೆ. ಒಪ್ಪಲೇ? ವಿಂಟೇಜ್ ನೋಂದಣಿ ಸಿಗುತ್ತದೆಯೇ? ಪ್ರದರ್ಶನಕ್ಕೆ ಒಯ್ದರೆ ಯಾರಾದರೂ ತಿರುಗಿ ನೋಡುತ್ತಾರೆಯೇ?

ಉತ್ತರ – ರಾಜಾಜಿನಗರದ ಹಳಬ

ಮೆಕ್ಯಾನಿಕ್‌ಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ. ಡಾಲ್ಫಿನ್‌ನ ಅನ್ನ ಕಿತ್ತುಕೊಂಡದ್ದೇ 1983ರ ಕೊನೆಯಲ್ಲಿ ಬಂದ ಮಾರುತಿ. ಅದನ್ನೇ ತಂದು ಇದರ ಎದೆಯೊಳಗೆ ಕೂರಿಸುವುದೇ?

ನಿಮ್ಮ ಗಾಡಿಯ 848 ಸಿಸಿ ಎಂಜಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನದು. ಬ್ಲಾಕ್ ಕೂಡ ಅಲ್ಯೂಮಿನಿಯಂ; ಒಳಗೆ ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆಗಳಿಗೆ, ಅಂದರೆ ಲೈನರುಗಳಿಗೆ, ನೀರು ನೇರವಾಗಿ ತಾಗುತ್ತದೆ. ಹಾಗಾಗಿ ತುಕ್ಕು ತಡೆಯುವ ಕೂಲಂಟ್ ಇಲ್ಲದೆ ಬರೀ ನೀರಿನಲ್ಲಿ ಓಡಿಸಲೇಬೇಡಿ. ನನ್ನ 1985ರ ಗಾಡಿಗೆ ನಾನು ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದೆ. ಶಿರಾಡಿ ಘಾಟಿಯಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿ, ರಾತ್ರಿಯಿಡೀ ಲಾರಿಯವರ ಬೀಡಿ ಹೊಗೆಯಲ್ಲಿ ಕುಳಿತಿದ್ದೆ. ತಪ್ಪು ಕಾರಿನದಲ್ಲ, ನನ್ನದು. ರಿಲಯಂಟ್‌ನವರ ಮೂರು ಚಕ್ರದ ರಾಬಿನ್‌ಗೂ ಇದೇ ಎಂಜಿನ್ ಇತ್ತು. ಆ ಕಂಪನಿ ಕಾರು ಮಾಡುವುದನ್ನು ಬಿಟ್ಟಿದ್ದರೂ ಬ್ರಿಟನ್ನಿನ ರಾಬಿನ್ ಹುಚ್ಚರ ಪುಣ್ಯದಿಂದ ಗ್ಯಾಸ್ಕೆಟ್, ರಿಂಗ್ ಇಂದಿಗೂ ಸಿಗುತ್ತವೆ.

ಫೈಬರ್ ಮೈಯ ಹೊಳಪು ನೋಡಿ ಮೋಸ ಹೋಗಬೇಡಿ. ಅದು ತುಕ್ಕು ಹಿಡಿಯುವುದಿಲ್ಲ, ಆದರೆ ಅದರಡಿಯ ಚೌಕಟ್ಟು, ಅಂದರೆ ಚಾಸಿ, ಉಕ್ಕಿನದು. ಕೆಳಗೆ ಮಲಗಿ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ. ‘ಠಣ್’ ಎಂದರೆ ಬದುಕಿದೆ, ‘ಥಪ್’ ಎಂದರೆ ಹೋಗಿದೆ. ದೀಪಗಳು ಮಂಕಾಗಿದ್ದರೆ ಡೈನಮೊ ಬಿಚ್ಚುವ ಮೊದಲು ಅರ್ಥ್ ತಂತಿ (ಕರೆಂಟ್ ಬ್ಯಾಟರಿಗೆ ವಾಪಸಾಗುವ ತಂತಿ) ನೋಡಿ. ಫೈಬರಿನಲ್ಲಿ ಕರೆಂಟ್ ಹರಿಯದ ಕಾರಣ ಪ್ರತಿ ದೀಪಕ್ಕೂ ಬೇರೆ ಅರ್ಥ್ ಬೇಕು.

ಉತ್ತರ – ಆರ್‌ಸಿ ಪುಸ್ತಕ

ವಿಂಟೇಜ್ ನೋಂದಣಿ ಈಗ ಸಿಗುವುದಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ನಿಮ್ಮದು 2034ರವರೆಗೆ ಕಾಯಬೇಕು. ಸಿಕ್ಕಿದರೂ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಿ. ಎಂಜಿನ್ ಬದಲಿಸಿದರೆ ಅದನ್ನೂ ಆರ್‌ಸಿಯಲ್ಲಿ ತಿದ್ದಿಸಬೇಕು, ಮುಂದೆ ವಿಂಟೇಜ್ ನೋಂದಣಿ ಕೇಳುವಾಗ ‘ಮೂಲರೂಪದಲ್ಲಿದೆ’ ಎನ್ನಲು ಬಾಯಿ ಬರುವುದಿಲ್ಲ.

ಉತ್ತರ – ರಾಜಾಜಿನಗರದ ಹಳಬ

ಪ್ರದರ್ಶನದ ವಿಷಯ ಬಿಟ್ಟುಹೋಗಿತ್ತು. ಒಮ್ಮೆ ನನ್ನ ಡಾಲ್ಫಿನ್ ಪಕ್ಕದಲ್ಲಿ ಅರಮನೆಯಂಥ ಬ್ಯೂಕ್ ಕಾರು ನಿಲ್ಲಿಸಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕರು ಬಂದು ಬಾನೆಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, ‘ಇಲ್ಲಿ ಅಚ್ಚಿನಿಂದ ಬಿಡಿಸುವಾಗ ಯಾವಾಗಲೂ ಸಿಗಿಯುತ್ತಿತ್ತು’ ಎಂದರು. ಡಾಲ್ಫಿನ್ ಕಾರ್ಖಾನೆಯಲ್ಲಿ ಕಾರಿನ ಫೈಬರ್ ಮೈಯನ್ನು ಅಚ್ಚಿನಲ್ಲಿ ಮಾಡುತ್ತಿದ್ದವರಂತೆ. ಗಾಜಿನ ನಾರು ಚುಚ್ಚಿ ರಾತ್ರಿ ಕೈ ತುರಿಸುತ್ತಿದ್ದುದನ್ನೂ ಹೇಳಿದರು. ನಾನು ಬಣ್ಣ ಹೊಡೆಸಿ ಆ ಅಂಚನ್ನು ನಯ ಮಾಡಿಸಿದ್ದರೆ ಅವರು ಸುಮ್ಮನೆ ಮುಂದೆ ಹೋಗುತ್ತಿದ್ದರು. ಆದ್ದರಿಂದ ಬಿರುಕು ಮುಚ್ಚಿಸಿ ಸಾಕು, ಹೊಸ ಬಣ್ಣ ಬೇಡ. ಬೆಂಗಳೂರಿನಲ್ಲೇ ಹುಟ್ಟಿದ ಕಾರು, ನಮ್ಮವರೇ ನೋಡದೆ ಇನ್ನಾರು ನೋಡಬೇಕು?

ಕೊಬ್ಬರಿಮನೆ

ನಿನ್ನೆ ಸಿಪ್ಪೆ ಸರಿಸಿ ಕೆಳಗೆ ಮಲಗಿದೆ. ಹಿಂದಿನ ಸೀಟಿನೊಳಗೆ ಇಲಿ ಸಂಸಾರ; ಅದರ ಹಾಸಿಗೆಯಲ್ಲಿ ನನ್ನ ಅತ್ತೆಯ ಮದುವೆಯ ಸೀರೆಯ ಚೂರು ಸಿಕ್ಕಿತು, ಮಾವನಿಗೆ ತೋರಿಸಿಲ್ಲ. ಚಾಸಿ ಎಡಗಡೆ ಪೂರ್ತಿ ಠಣ್. ಬಲಗಡೆ ಹಿಂಚಕ್ರದ ಮುಂದೆ ಒಂದು ಗೇಣು ಥಪ್. ವೆಲ್ಡರ್ ಭಾನುವಾರ ಬರುತ್ತಾನೆ.