ಮಗು ನೋಡಿಕೊಳ್ಳುವ ಕೆಲಸ ಕೇಳಿಕೊಂಡು ಹೋದಾಗ ಏನು ಹೇಳಬೇಕು?

ದಾವಣಗೆರೆಯ ತಾಯಂದಿರ ನಮ್ಮ ಗುಂಪಿನಲ್ಲಿ ಈ ವಾರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು 21 ವರ್ಷಗಳಿಂದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಒಬ್ಬ ಆಯಾ. ಮೊದಲ ನಾಲ್ಕು ವರ್ಷ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದರು, ಆಮೇಲೆ ಮನೆಗಳಲ್ಲಿ ಕೆಲಸ ಮಾಡುತ್ತ ಬಂದಿದ್ದಾರೆ.

ಪ್ರಶ್ನೆ (ನಿಟ್ಟುವಳ್ಳಿಯ ಸದಸ್ಯೆ): ನಮಸ್ಕಾರ ಅಕ್ಕ. ನನಗೆ 34 ವರ್ಷ. ನನ್ನ ಇಬ್ಬರು ಮಕ್ಕಳೂ ಈಗ ಶಾಲೆಗೆ ಹೋಗುತ್ತಾರೆ. ಮೂರು ವಾರದ ಹಿಂದೆ ಇದೇ ಗುಂಪಿನಲ್ಲಿ ಹೀಗೆ ಬರೆದಿದ್ದೆ: ‘ನನಗೆ ಮಕ್ಕಳೆಂದರೆ ಪ್ರಾಣ. ಸ್ವಂತ ಮಕ್ಕಳಂತೆ ನೋಡಿಕೊಳ್ಳುತ್ತೇನೆ. ನಂಬಿಕಸ್ಥಳು. ಕೆಲಸ ಇದ್ದರೆ ತಿಳಿಸಿ.’ ಇಬ್ಬರು ಫೋನ್ ಮಾಡಿದರು. ಒಬ್ಬರು ಅಡುಗೆಯನ್ನೂ ಮಾಡುತ್ತೀರಾ ಎಂದು ಕೇಳಿ ಸುಮ್ಮನಾದರು. ಇನ್ನೊಬ್ಬರು ಯೋಚಿಸಿ ಹೇಳುತ್ತೇವೆ ಎಂದವರು ಮತ್ತೆ ಮಾಡಲೇ ಇಲ್ಲ. ಬರೆದದ್ದರಲ್ಲಿ ಏನು ತಪ್ಪಿದೆ?

ಉತ್ತರ: ತಪ್ಪೇನೂ ಇಲ್ಲ ತಂಗಿ. ಆದರೆ ಓದಿದವರಿಗೆ ನೀವು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಓದುವವಳು ಯಾರು ಎಂದು ಒಮ್ಮೆ ನೆನೆಸಿಕೊಳ್ಳಿ. ರಾತ್ರಿ ಹನ್ನೊಂದು ಗಂಟೆ, ಮಡಿಲಲ್ಲಿ ಐದು ತಿಂಗಳ ಕೂಸು, ಇನ್ನು ಇಪ್ಪತ್ತು ದಿನಕ್ಕೆ ಕೆಲಸಕ್ಕೆ ಹಾಜರಾಗಬೇಕು. ‘ನಂಬಿಕಸ್ಥಳು’ ಎಂಬ ಮಾತನ್ನು ಆಕೆ ಆ ದಿನವೇ ಹತ್ತು ಕಡೆ ಓದಿರುತ್ತಾಳೆ. ಆಕೆಗೆ ಬೇಕಾಗಿರುವುದು, ನಾಳೆ ಮಧ್ಯಾಹ್ನ ಎರಡು ಗಂಟೆಗೆ ತನ್ನ ಕೂಸು ನಿಮ್ಮ ಕೈಯಲ್ಲಿ ಹೇಗಿರುತ್ತದೆ ಎಂಬ ಚಿತ್ರ.

ಹಾಗಾಗಿ ಯಾವ ಮಗುವನ್ನು, ಎಷ್ಟನೇ ತಿಂಗಳಿನಿಂದ ಎಷ್ಟು ವರ್ಷದವರೆಗೆ ನೋಡಿಕೊಂಡಿದ್ದೀರಿ ಎಂಬುದನ್ನು ಮೊದಲು ಬರೆಯಿರಿ. ಕೂಲಿ ಪಡೆದು ನೋಡಿಕೊಂಡದ್ದೇ ಆಗಬೇಕೆಂದಿಲ್ಲ, ತಂಗಿಯ ಮಗುವಾದರೂ ಆದೀತು. ಮೇಲು ಆಹಾರ ಶುರು ಮಾಡಿದ್ದು ನೀವೇ ಆಗಿದ್ದರೆ ಅದನ್ನು ಬಿಡದೆ ಹೇಳಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿದ ಮೇಲೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಐದಾರು ತಿಂಗಳ ಕೂಸಿನ ಮನೆಗಳವು. ತಾಯಿಯ ರಜೆ ಮುಗಿಯುವುದೂ ಕೂಸಿಗೆ ಎದೆಹಾಲಿನ ಜೊತೆ ಬೇರೆ ಆಹಾರ ಶುರುವಾಗುವುದೂ ಒಂದೇ ಹೊತ್ತಿನಲ್ಲಿ, ಆರು ತಿಂಗಳಿಗೆ. ಮೊದಲ ತುತ್ತು ರಾಗಿ ಸರಿಯನ್ನು ಮಗು ನಾಲಿಗೆಯಿಂದ ಹೊರಗೆ ತಳ್ಳುತ್ತದೆ, ಅದು ಬೇಡವೆಂದಲ್ಲ, ನುಂಗಲು ಇನ್ನೂ ಕಲಿತಿಲ್ಲವೆಂದು. ಇದು ಗೊತ್ತಿರುವವಳು ಬೇಕೆಂದೇ ಆ ತಾಯಿ ಹುಡುಕುತ್ತಿರುತ್ತಾಳೆ.

‘ಸ್ವಂತ ಮಕ್ಕಳಂತೆ’ ಎಂಬುದನ್ನು ತೆಗೆದುಹಾಕಿ. ನನಗೆ ಈ ವಿಷಯದಲ್ಲಿ ಎರಡನೇ ಅಭಿಪ್ರಾಯವಿಲ್ಲ. ಕೆಲಸಕ್ಕೆ ಸೇರಿದ ಮೊದಲ ಮನೆಯಲ್ಲಿ, ಹೊಟ್ಟೆ ನೋವಿನಿಂದ ಅಳುತ್ತಿದ್ದ ಐದು ತಿಂಗಳ ಮಗುವಿಗೆ ನಾನು ಬಜೆ ತೇಯ್ದು ನೆಕ್ಕಿಸಿದೆ. ನನ್ನ ಮಕ್ಕಳಿಗೆ ಹಾಗೆಯೇ ಮಾಡಿದ್ದೆ. ಸಂಜೆ ತಾಯಿ ಬಂದು ತೇಯುವ ಕಲ್ಲು ಒದ್ದೆಯಾಗಿರುವುದನ್ನು ನೋಡಿದರು. ಬೈಯಲಿಲ್ಲ. ‘ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ’ ಎಂದರು ಅಷ್ಟೇ. ಅವರ ಮಗುವನ್ನು ಅವರ ಮಗುವಿನಂತೆಯೇ ನೋಡಿಕೊಳ್ಳಬೇಕು ಎಂಬುದು ಅಂದು ನನಗೆ ಅರ್ಥವಾಯಿತು. ಪರಿಚಯ ಹೇಳುವಾಗ ‘ಕೇಳದೆ ಮಗುವಿನ ಬಾಯಿಗೆ ಏನನ್ನೂ ಹಾಕುವುದಿಲ್ಲ’ ಎಂಬ ಒಂದು ವಾಕ್ಯ ಸೇರಿಸಿ.

ಅದೇ ಸದಸ್ಯೆ: ತಂಗಿಯ ಮಗಳನ್ನು ಐದನೇ ತಿಂಗಳಿನಿಂದ ಎರಡೂವರೆ ವರ್ಷದವರೆಗೆ ಹಗಲು ಪೂರ್ತಿ ನಾನೇ ನೋಡಿಕೊಂಡಿದ್ದೇನೆ ಅಕ್ಕ. ಆದರೆ ಹಸುಗೂಸಿಗೆ ನೀರು ಎರೆಯಲು ನನಗೆ ಬರುವುದಿಲ್ಲ, ಭಯ. ಅದನ್ನೂ ಹೇಳಬೇಕೇ? ಸಂಬಳ ಎಷ್ಟೆಂದು ಬರೆಯಲೇ? ಅಡುಗೆಯ ಮಾತು ಬಂದರೆ ಏನು ಹೇಳಲಿ?

ಉತ್ತರ: ಬರುವುದಿಲ್ಲ ಎಂಬುದನ್ನು ಖಂಡಿತ ಹೇಳಿ. ಕಾಲು ಚಾಚಿ ಮಣೆಯ ಮೇಲೆ ಕುಳಿತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿ ಎರೆಯುವುದು ನೋಡಿ ಕಲಿಯುವ ವಿದ್ಯೆ. ಭಯವಿದ್ದೂ ಬರುತ್ತದೆ ಎಂದು ಹೇಳಿ ಎಣ್ಣೆ ಹಚ್ಚಿದ ಕೂಸನ್ನು ಹಿಡಿಯುವುದು ಅಪಾಯ. ‘ಮೂರು ತಿಂಗಳ ಮೇಲಿನ ಮಕ್ಕಳನ್ನು ಮಾತ್ರ ನೋಡಿಕೊಳ್ಳುತ್ತೇನೆ’ ಎಂದು ಬರೆದರೆ, ಉಳಿದ ಮಾತುಗಳನ್ನೂ ಜನ ನಂಬುತ್ತಾರೆ.

ಅಡುಗೆ ವಿಷಯದಲ್ಲಿ ಗೆರೆ ಎಳೆಯಿರಿ. ಮಗುವಿನ ಊಟ, ಬಾಟಲಿ ಕುದಿಸುವುದು, ಮಗುವಿನ ಬಟ್ಟೆ, ಮಗು ಮಲಗುವ ಜಾಗ, ಇವು ನಿಮ್ಮವು. ಮನೆಮಂದಿಗೆಲ್ಲ ರೊಟ್ಟಿ ತಟ್ಟುವುದು ಬೇರೆ ಕೆಲಸ, ಅದಕ್ಕೆ ಬೇರೆ ಸಂಬಳ. ಒಲೆಯ ಮುಂದೆ ಇರುವವಳಿಗೆ ತೆವಳುವ ಮಗುವಿನ ಮೇಲೆ ಕಣ್ಣಿಡಲು ಆಗುವುದಿಲ್ಲ ಎಂದು ಹೇಳಿ. ಯಾವ ತಾಯಿಯೂ ಇದಕ್ಕೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ.

ಸಂಬಳದ ಅಂಕಿಯನ್ನು ಮೊದಲೇ ಬರೆಯಬೇಡಿ. ಎಷ್ಟು ಗಂಟೆ, ಎಷ್ಟು ಮಕ್ಕಳು, ವಾರದ ರಜೆ ಯಾವತ್ತು ಎಂದು ಕೇಳಿಕೊಂಡು ಹೇಳಿ. ಮನೆಗೆಲಸದವರಿಗೂ ನಮ್ಮ ರಾಜ್ಯದಲ್ಲಿ 2004ರಿಂದ ಕನಿಷ್ಠ ವೇತನ ನಿಗದಿಯಾಗಿದೆ, ಈಗಿನ ದರ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಇನ್ನೂ ಇ-ಶ್ರಮ್ ಕಾರ್ಡ್ ಮಾಡಿಸದಿದ್ದರೆ ಮಾಡಿಸಿ. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರಿಗೆ 2021ರಲ್ಲಿ ಶುರುವಾದದ್ದು, ನಮ್ಮಂಥವರೂ ಅದರಲ್ಲಿ ಸೇರುತ್ತೇವೆ.

ಪ್ರಶ್ನೆ (ಎಂಸಿಸಿ ‘ಬಿ’ ಬ್ಲಾಕ್‌ನ ಒಬ್ಬ ತಾಯಿ, ಕಾಲೇಜು ಉಪನ್ಯಾಸಕಿ): ನಾನು ಆಚೆ ಕಡೆಯವಳು. ಒಂಬತ್ತು ತಿಂಗಳ ಮಗನಿಗಾಗಿ ಮೂವರನ್ನು ಮಾತಾಡಿಸಿದೆ. ಮೂವರೂ ಚೆನ್ನಾಗಿಯೇ ಮಾತಾಡಿದರು. ಮಗ ಮಾತ್ರ ಮೂವರ ಬಳಿಯೂ ಹೋಗದೆ ಅತ್ತ. ಯಾರನ್ನು ನಂಬುವುದು? ಏನು ಕೇಳಬೇಕಿತ್ತು?

ಉತ್ತರ: ಮೇಡಂ, ಮಗ ಅತ್ತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಂಟು ಒಂಬತ್ತು ತಿಂಗಳಿಗೆ ಮಕ್ಕಳು ಹೊಸ ಮುಖಕ್ಕೆ ಹೆದರುತ್ತಾರೆ, ಅದು ಬೆಳವಣಿಗೆಯ ಲಕ್ಷಣ. ಅವನು ಅತ್ತಾಗ ಆ ಹೆಂಗಸು ಏನು ಮಾಡಿದರು ಎಂಬುದನ್ನು ನೆನಪಿಸಿಕೊಳ್ಳಿ. ‘ಬಾ ಬಾ’ ಎಂದು ನಿಮ್ಮ ಕಂಕುಳಿನಿಂದ ಕಿತ್ತುಕೊಂಡರೇ? ಅಥವಾ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತು ನಿಮ್ಮೊಡನೆ ಮಾತಾಡುತ್ತ, ಒಂದು ಬಟ್ಟಲನ್ನೋ ಚಮಚವನ್ನೋ ಅವನ ಕಡೆ ಸರಿಸಿ, ಅವನಾಗಿಯೇ ಬರಲಿ ಎಂದು ಕಾದರೇ? ಕಾದವರನ್ನು ಮತ್ತೆ ಕರೆಸಿ. ಬಂದ ಕೂಡಲೇ ಕೈ ತೊಳೆಯಲು ನೀರೆಲ್ಲಿ ಎಂದು ಕೇಳಿದ್ದರೆ ಇನ್ನೂ ಒಳ್ಳೆಯದು.

ಕೇಳಬೇಕಾದದ್ದು ‘ಚೆನ್ನಾಗಿ ನೋಡಿಕೊಳ್ಳುತ್ತೀರಾ’ ಎಂದಲ್ಲ. ಅದಕ್ಕೆ ಇಲ್ಲವೆನ್ನುವವರು ಯಾರು? ‘ಮಗು ಒಂದು ಗಂಟೆ ಅಳು ನಿಲ್ಲಿಸದಿದ್ದರೆ ಏನು ಮಾಡುತ್ತೀರಿ’, ‘ಯಾವಾಗ ನನಗೆ ಫೋನ್ ಮಾಡುತ್ತೀರಿ’, ‘ನಿಮ್ಮ ಕೈಯಲ್ಲಿ ಮಗುವಿಗೆ ಪೆಟ್ಟಾದದ್ದು ಇದೆಯೇ, ಆಗ ಏನು ಮಾಡಿದಿರಿ’ ಎಂದು ಕೇಳಿ. ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ ಎನ್ನುವವರು ಒಂದೋ ಮರೆಮಾಚುತ್ತಾರೆ, ಇಲ್ಲವೇ ಕಣ್ಣಿಟ್ಟು ನೋಡಿಕೊಂಡಿಲ್ಲ.

ಪ್ರತಿ ಹೊಸ ಮನೆಯಲ್ಲಿ ನಾನು ಮೊದಲ ದಿನವೇ ಹೇಳುವ ಘಟನೆ ಒಂದಿದೆ. ಹದಡಿ ರಸ್ತೆಯ ಕಡೆಯ ಒಂದು ಮನೆ. ಸಂಜೆ ಐದರ ಹೊತ್ತು, ಹಿರಿಯರೆಲ್ಲ ಮಂಡಕ್ಕಿ ತಿನ್ನುತ್ತ ಕುಳಿತಿದ್ದರು. ನಮ್ಮ ಊರಿನ ಮನೆಗಳಲ್ಲಿ ಮಂಡಕ್ಕಿಯಿಲ್ಲದ ಸಂಜೆ ಯಾವುದಿದೆ? ತಾತ ಪ್ರೀತಿಯಿಂದ ಹತ್ತು ತಿಂಗಳ ಮಗುವಿನ ಕೈಗೂ ನಾಲ್ಕು ಕಾಳು ಹಾಕಿದರು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಹೊರಗೆ ಮಾತು ನಿಂತಿತು. ಓಡಿ ಬಂದು ನೋಡಿದರೆ ಮಗುವಿನ ಬಾಯಿ ತೆರೆದಿದೆ, ಅಳು ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ. ಯಾರೋ ಬೆರಳು ಹಾಕಲು ಹೋದರು, ಬೇಡವೆಂದೆ. ಕಾಣದ ವಸ್ತುವಿಗೆ ಬೆರಳು ಹಾಕಿದರೆ ಅದು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಯನ್ನು ಅಂಗೈಯಲ್ಲಿ ಹಿಡಿದು, ತಲೆ ಕೆಳಗಿರುವಂತೆ ಬಾಗಿಸಿ ಎರಡು ಹೆಗಲ ನಡುವೆ ಅಂಗೈ ಬುಡದಿಂದ ಹೊಡೆದೆ. ಮೂರನೇ ಪೆಟ್ಟಿಗೆ ಅರ್ಧ ಶೇಂಗಾ ಬೀಜ ಕೆಳಗೆ ಬಿತ್ತು. ಆಮೇಲೆ ಬಂದ ಆ ಅಳುವಿನಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಇದನ್ನು ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಒಬ್ಬರು ಗೊಂಬೆಯ ಮೇಲೆ ತೋರಿಸಿಕೊಟ್ಟಿದ್ದರು. ವರ್ಷದೊಳಗಿನ ಕೂಸಿಗೆ ಬೆನ್ನಿಗೆ ಐದು ಪೆಟ್ಟು, ಅದರಿಂದ ಆಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಬರಿಯ ಓದಿನಿಂದ ಇದು ಕೈಗೆ ಹತ್ತುವುದಿಲ್ಲ, ನಿಮ್ಮ ಮಕ್ಕಳ ವೈದ್ಯರ ಬಳಿ ನೀವೂ ಆಯಾ ಇಬ್ಬರೂ ನಿಂತು ಕಲಿಯಿರಿ. ಇಡೀ ಶೇಂಗಾ, ಗುಂಡನೆಯ ದ್ರಾಕ್ಷಿಯಂಥವನ್ನು ನಾಲ್ಕು ವರ್ಷದವರೆಗೆ ಕೊಡಲೇಬೇಡಿ.

ಎದೆಹಾಲು ತೆಗೆದಿಟ್ಟು ಹೋಗುವಿರಾದರೆ ಅದನ್ನು ಎಷ್ಟು ಹೊತ್ತು ಇಡಬಹುದು ಎಂದೂ ಆಯಾಳನ್ನು ಕೇಳಿ. ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ. ಆದರೆ ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಹೊರಗಿಡುವ ಮಾತೇ ಬೇಡ, ತೆಗೆದ ಕೂಡಲೇ ಒಳಗಿಡಿ. ಬಿಸಿ ನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲಾಗಲಿ ಮೈಕ್ರೊವೇವ್‌ನಲ್ಲಾಗಲಿ ಇಡಬಾರದು.

ಪ್ರತಿಕ್ರಿಯೆ (ಕೆಟಿಜೆ ನಗರದ ಹಿರಿಯ ಸದಸ್ಯೆ): ನಾವು ಆರು ಮಕ್ಕಳನ್ನು ಸಾಕಿದವರು ತಾಯಿ. ಆಗ ಯಾವ ಪರಿಚಯ ಪತ್ರವಿತ್ತು? ಈಗಿನ ಸೊಸೆಯಂದಿರು ಆಯಾಳ ಮಾತು ಕೇಳುತ್ತಾರೆ, ಅತ್ತೆಯ ಮಾತು ಕೇಳುವುದಿಲ್ಲ.

ಉತ್ತರ: ಅಮ್ಮ, ನಿಮ್ಮ ಕೈಯಲ್ಲಿ ಬೆಳೆದ ಆರು ಮಕ್ಕಳ ಮುಂದೆ ನನ್ನ ಅನುಭವ ಸಣ್ಣದು. ಅದಕ್ಕೇ ಮನೆಯಲ್ಲಿ ಅಜ್ಜಿ ಇದ್ದರೆ ನನ್ನ ಪರಿಚಯವನ್ನು ಅವರಿಂದಲೇ ಶುರು ಮಾಡುತ್ತೇನೆ. ಕೂಸಿನ ತಾಯಿಯನ್ನೂ ಅಜ್ಜಿಯನ್ನೂ ಒಟ್ಟಿಗೆ ಕೂರಿಸಿಕೊಂಡು ಜೇನುತುಪ್ಪ, ಬಜೆ, ಕಾಡಿಗೆ, ಮೂಗಿಗೆ ಎಣ್ಣೆ ಬಿಡುವುದು, ಇವೆಲ್ಲದರ ಬಗ್ಗೆ ಕೇಳುತ್ತೇನೆ. ಇಬ್ಬರೂ ಒಪ್ಪಿದ್ದನ್ನು ಮಾಡುತ್ತೇನೆ, ಒಪ್ಪದೆ ಹೋದದ್ದನ್ನು ವೈದ್ಯರನ್ನು ಕೇಳಿ ಎನ್ನುತ್ತೇನೆ. ಜೇನುತುಪ್ಪ ಒಂದನ್ನು ಮಾತ್ರ, ವರ್ಷ ತುಂಬದ ಕೂಸಿಗೆ ಯಾರು ಹೇಳಿದರೂ ನಾನು ಕೊಡುವುದಿಲ್ಲ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವನ್ನು ತಡೆಯುವ ಶಕ್ತಿ ಅಷ್ಟು ಸಣ್ಣ ಕರುಳಿಗೆ ಇರುವುದಿಲ್ಲ.

ಪ್ರಶ್ನೆ (ಹರಿಹರದ ಸದಸ್ಯೆ): ನನ್ನ ತಂಗಿಗೆ 13 ವರ್ಷ. ಶಾಲೆ ಬಿಟ್ಟಿದ್ದಾಳೆ. ದಾವಣಗೆರೆಯಲ್ಲಿ ಒಂದು ಮನೆಯವರು ಮಗುವನ್ನು ಆಡಿಸಿಕೊಂಡಿರಲಿ, ಊಟ ಬಟ್ಟೆ ಕೊಡುತ್ತೇವೆ ಎಂದಿದ್ದಾರೆ. ಕಳಿಸಬಹುದೇ?

ಉತ್ತರ: ಕಳಿಸಬೇಡಿ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, ಅದನ್ನು ಆಟ ಎಂದು ಕರೆದರೂ ಅಷ್ಟೇ. ಆಕೆಯೇ ಇನ್ನೂ ಮಗು. ಅವಳನ್ನು ಮತ್ತೆ ಶಾಲೆಗೆ ಸೇರಿಸಲು ಊರಿನ ಶಿಕ್ಷಕರನ್ನು ಕಾಣಿ. ಆ ಮನೆಯವರು ಒತ್ತಾಯ ಮಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪ್ರಶ್ನೆ (ಚಿತ್ರದುರ್ಗದ ಸದಸ್ಯೆ): ಮನೆಯಲ್ಲೇ ಉಳಿದುಕೊಂಡು ಮಗು ನೋಡಿಕೊಳ್ಳುವ ಕೆಲಸ ಕೊಡಿಸುತ್ತೇವೆಂದು ಒಂದು ಏಜೆನ್ಸಿಯವರು ಮೊದಲೇ ದುಡ್ಡು ಕಟ್ಟಿ, ಆಧಾರ್ ಮೂಲ ಕಾರ್ಡನ್ನು ಕೊಟ್ಟುಹೋಗಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎರಡನ್ನೂ ಕೊಡಬೇಡಿ. ಆಧಾರ್‌ನ ಜೆರಾಕ್ಸ್ ಪ್ರತಿ ಕೊಡಿ, ಅದರ ಮೇಲೆ ಯಾವ ಮನೆಯ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆದು ಸಹಿ ಹಾಕಿ. ಮನೆಯವರು ಪೊಲೀಸ್ ಪರಿಶೀಲನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಅದು ನಿಮಗೂ ಮುಂದಿನ ಮನೆಗಳಿಗೆ ದಾಖಲೆಯಾಗುತ್ತದೆ. ಒಪ್ಪಿಕೊಳ್ಳುವ ಮುಂಚೆ ಒಮ್ಮೆ ಬಂದು ಮನೆ ನೋಡಿ. ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚೂ ಇಲ್ಲವಲ್ಲ. ಮಲಗುವ ಜಾಗ ಎಲ್ಲಿ, ಅದಕ್ಕೆ ಒಳಗಿನಿಂದ ಚಿಲಕ ಇದೆಯೇ, ರಾತ್ರಿ ಮಗು ಎದ್ದರೆ ಏಳುವವರು ಯಾರು, ಊರಿಗೆ ಹೋಗುವ ರಜೆ ಎಂದು, ಇಷ್ಟನ್ನು ನಾಚಿಕೆಯಿಲ್ಲದೆ ಕೇಳಿ.

ನಿಟ್ಟುವಳ್ಳಿಯ ಸದಸ್ಯೆ: ಅಕ್ಕ, ಹೊಸದಾಗಿ ಬರೆದಿದ್ದೇನೆ. ‘ನಿಟ್ಟುವಳ್ಳಿಯಲ್ಲಿದ್ದೇನೆ, 34 ವರ್ಷ. ತಂಗಿಯ ಮಗಳನ್ನು ಐದನೇ ತಿಂಗಳಿನಿಂದ ಎರಡೂವರೆ ವರ್ಷದವರೆಗೆ ಹಗಲು ನಾನೇ ನೋಡಿಕೊಂಡಿದ್ದೇನೆ. ರಾಗಿ ಸರಿ, ಬೇಳೆ ಕಟ್ಟು ಶುರು ಮಾಡಿಸಿದ್ದೇನೆ. ಮೂರು ತಿಂಗಳೊಳಗಿನ ಕೂಸನ್ನು ನೋಡಿಕೊಳ್ಳುವ ಅಭ್ಯಾಸವಿಲ್ಲ. ಕೇಳದೆ ಮಗುವಿನ ಬಾಯಿಗೆ ಏನನ್ನೂ ಹಾಕುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬರುತ್ತೇನೆ. ಮಗುವಿನ ಊಟ, ಬಟ್ಟೆ ನನ್ನ ಕೆಲಸ, ಮನೆಯ ಅಡುಗೆ ಅಲ್ಲ. ತಂಗಿಯ ನಂಬರ್ ಕೊಡುತ್ತೇನೆ, ಕೇಳಿ ನೋಡಿ.’ ವಿದ್ಯಾನಗರದಿಂದ ಒಬ್ಬರು ಕರೆ ಮಾಡಿ ಭಾನುವಾರ ಬರಲು ಹೇಳಿದ್ದಾರೆ. ಏಳು ತಿಂಗಳ ಹೆಣ್ಣು ಮಗು.

ಉತ್ತರ: ಚೆನ್ನಾಗಿದೆ ತಂಗಿ. ನಂಬರ್ ಕೊಡುವ ಮುಂಚೆ ತಂಗಿಯನ್ನು ಒಂದು ಮಾತು ಕೇಳಿ. ‘ಭಾನುವಾರ ರಜೆ’ ಎಂಬುದನ್ನು ಸೇರಿಸಿ, ಬಿಟ್ಟುಹೋಗಿದೆ. ಮಗುವಿನ ನಿದ್ದೆಯ ಹೊತ್ತು ಕೇಳಿಕೊಂಡು, ಅದು ಎದ್ದು ಹಾಲು ಕುಡಿದ ಮೇಲೆ ಹೋಗಿ. ಸೀರೆ ಉಟ್ಟರೆ ಭುಜದ ಮೇಲಿನ ಪಿನ್ನನ್ನು ಮನೆಯಲ್ಲೇ ಬಿಚ್ಚಿಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಎತ್ತಿಕೊಂಡಾಗ ಮಗು ಕೆನ್ನೆ ಒರಗಿಸುವುದು ಅಲ್ಲಿಗೇ.